ಆರಿಂಚಿನ ಮಣಿಕಟ್ಟಿಗೆ 38 ಎಂಎಂ ವಾಚೋ, 42 ಎಂಎಂ ವಾಚೋ?

ಚಿತ್ರದುರ್ಗದವರು ಅಂದಿರಿ, ಮಣಿಕಟ್ಟಿನ ಸುತ್ತಳತೆ ಆರಿಂಚು ಅಂದಿರಿ, 38 ಎಂಎಂ ವಾಚ್ ತಗೊಳ್ಳಲೋ 42 ತಗೊಳ್ಳಲೋ ಅಂತ ಕೇಳಿದಿರಿ. ದಾವಣಗೆರೆಯ ನನ್ನದೂ ಅಷ್ಟೇ ಅಳತೆ, ಹಾಗಾಗಿ ಅನುಭವದಿಂದಲೇ ಹೇಳ್ತೀನಿ.

ತಂಗಿ ಮದುವೆಗೆ ಅಂತ ದುಡ್ಡು ಕೂಡಿಸಿ ಆನ್‌ಲೈನಿನಲ್ಲಿ 44 ಎಂಎಂ ವಾಚ್ ತರಿಸಿದ್ದೆ. ಕಟ್ಟಿ ನೋಡಿದರೆ ಬೆಲ್ಟ್ ಸಿಕ್ಕಿಸುವ ಕಿವಿಗಳು ಎರಡೂ ಕಡೆ ಕೈಯಿಂದಾಚೆ ಚಾಚಿದ್ದವು. ಬೆಲ್ಟಿಗೂ ಚರ್ಮಕ್ಕೂ ನಡುವೆ ಕಿರುಬೆರಳು ತೂರುವಷ್ಟು ಸಂದು. ಎಷ್ಟು ಬಿಗಿದರೂ ಬೈಕ್ ಓಡಿಸುವಾಗ ಪಕ್ಕಕ್ಕೆ ವಾಲೋದು. ಮದುವೆ ದಿನ ಅದನ್ನು ಕಟ್ಟಲೇ ಇಲ್ಲ, ಈಗಲೂ ಬೇಜಾರಿದೆ.

ನಾನು ನೋಡಿದ್ದು ವ್ಯಾಸ ಒಂದನ್ನೇ. 38, 42 ಅಂತ ಬರೆಯೋದು ಕೇಸಿನ, ಅಂದರೆ ವಾಚಿನ ಹೊರಕವಚದ ವ್ಯಾಸ, ಅದೂ ಪಕ್ಕದ ಕೀಲಿ ಕೊಡುವ ಗುಂಡಿ ಬಿಟ್ಟು. ಕೈಮೇಲೆ ಸರಿಯಾಗಿ ಕೂರುತ್ತಾ ಅನ್ನೋದು ಗೊತ್ತಾಗೋದು ಮೇಲಿನ ಕಿವಿಯ ತುದಿಯಿಂದ ಕೆಳಗಿನ ಕಿವಿಯ ತುದಿವರೆಗಿನ ಉದ್ದದಿಂದ. ವಿವರಗಳಲ್ಲಿ ‘ಲಗ್ ಟು ಲಗ್’ ಅಂತ ಹುಡುಕಿ. ಸೀಕೋ ಕಂಪನಿಯ ಎಸ್‌ಕೆಎಕ್ಸ್007 ಅನ್ನೋ ವಾಚಿನ ವ್ಯಾಸ 42.5 ಎಂಎಂ ಇದ್ದರೂ ಈ ಉದ್ದ ಸುಮಾರು 46 ಅಷ್ಟೇ, ಅದಕ್ಕೇ ಸಣ್ಣ ಕೈಗೂ ಒಗ್ಗುತ್ತೆ. ನನ್ನ ವಾಚಿನದು 53 ಇತ್ತು!

ಕೈಯನ್ನು ಮೇಜಿನ ಮೇಲಿಟ್ಟು, ವಾಚ್ ಕೂರುವ ಚಪ್ಪಟೆ ಜಾಗಕ್ಕೆ ಅಡ್ಡಲಾಗಿ ಸ್ಕೇಲ್ ಹಿಡಿಯಿರಿ. ನನ್ನದು 50 ಎಂಎಂ. ವಾಚಿನ ಉದ್ದ ಇದಕ್ಕಿಂತ ಎರಡು ಮೂರು ಎಂಎಂ ಕಮ್ಮಿ ಇದ್ದರೆ ಒಳ್ಳೇದು. ನಂಬಿಕೆ ಬರದಿದ್ದರೆ ಹಳೇ ಲಗ್ನಪತ್ರಿಕೆಯ ರಟ್ಟನ್ನು ವಾಚಿನ ಆ ಉದ್ದಕ್ಕೆ ಕತ್ತರಿಸಿ ಕೈಮೇಲಿಟ್ಟುಕೊಳ್ಳಿ.

ಇನ್ನು ಕಣ್ಣಿಗೆ ಕಾಣುವ ಗಾತ್ರ. 38ಕ್ಕೂ 42ಕ್ಕೂ ನಾಲ್ಕೇ ಎಂಎಂ ವ್ಯತ್ಯಾಸ ಅನ್ನಿಸುತ್ತೆ, ಆದರೆ ಮುಖದ ವಿಸ್ತೀರ್ಣ ಶೇ. 22ರಷ್ಟು ಹೆಚ್ಚುತ್ತೆ. ಡಯಲ್ ಅಂಚಿನವರೆಗೂ ಹರಡಿದ್ದರೆ ಚಿಕ್ಕ ವಾಚೂ ದೊಡ್ಡದಾಗಿ ಕಾಣುತ್ತೆ. ಅಪ್ಪಾಜಿಯ ಎಚ್‌ಎಂಟಿ ಜನತಾ ಬರೀ 35 ಎಂಎಂ. ಹೊಲದಲ್ಲಿ ದುಡಿದ ಅವರ ಅಗಲ ಕೈಮೇಲೆ ಅದು ಒಂದು ದಿನವೂ ಸಣ್ಣದು ಅನ್ನಿಸಿಲ್ಲ.

ತುಂಬು ತೋಳಿನ ಅಂಗಿ ಹಾಕೋರಾದರೆ ದಪ್ಪವನ್ನೂ ನೋಡಿ, 13 ಎಂಎಂ ದಾಟಿದರೆ ತೋಳಿನ ತುದಿಯ ಪಟ್ಟಿಗೆ ಸಿಕ್ಕಿಕೊಳ್ಳುತ್ತೆ.

ನಿಮಗೆ ನಾನು ಹೇಳೋದು 38. ಕಿವಿಯಿಂದ ಕಿವಿಗೆ 47ರೊಳಗಿದ್ದರೆ 42 ಕೂಡ ಆದೀತು. ದುರ್ಗದ ಅಂಗಡಿಯಲ್ಲೇ ಎರಡನ್ನೂ ಕಟ್ಟಿ, ನಿಲುವುಗನ್ನಡಿ ಮುಂದೆ ನಿಂತು ನೋಡಿ. ಫೋನಿನಲ್ಲಿ ಹತ್ತಿರದಿಂದ ಫೋಟೊ ತೆಗೆದು ನೋಡಬೇಡಿ, ಅದರಲ್ಲಿ ಎಲ್ಲ ವಾಚೂ ದೊಡ್ಡದಾಗೇ ಕಾಣುತ್ತೆ.