ಸೀನಿಯರ್ "ರಿಸರ್ಚ್ ಮಾಡಿ ತಾ" ಅಂದರೆ ಎಲ್ಲಿಂದ ಶುರು ಮಾಡಬೇಕು?

ಇಂಟರ್ನ್‌ಶಿಪ್‌ನಲ್ಲಿ ಚೆಕ್ ಬೌನ್ಸ್ ಫೈಲ್ ಕೊಟ್ಟಿದ್ದಾರೆ, ಗೂಗಲ್ ಮಾಡಿದರೆ ನೂರಾರು ತೀರ್ಪು ಬರುತ್ತವೆ, ಏನು ಮಾಡಲಿ ಅಂತ ಕೇಳಿದ್ದೀರಿ. ನಾನು ಬೆಂಗಳೂರಿನ ಮೇಯೋ ಹಾಲ್ ಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡುತ್ತೇನೆ, ನನ್ನ ಹತ್ತಿರವೂ ಚೆಕ್ ಕೇಸುಗಳೇ ಜಾಸ್ತಿ.

ಗೂಗಲ್ ಆಮೇಲೆ. ಮೊದಲು ಪೆನ್ನು ಹಿಡಿದು ಫೈಲ್ ಓದಿ. ಬ್ಯಾಂಕ್ ಮೆಮೊ (ಚೆಕ್ ವಾಪಸ್ ಬಂತು ಅಂತ ಬ್ಯಾಂಕ್ ಕೊಡುವ ಚೀಟಿ) ಬಂದ ದಿನ, ದುಡ್ಡು ಕೊಡಿ ಅಂತ ನೋಟಿಸ್ ಕಳಿಸಿದ ದಿನ, ಅದು ಆ ಕಡೆಯವರಿಗೆ ತಲುಪಿದ ದಿನ ಬರೆದುಕೊಳ್ಳಿ. ಮೆಮೊ ಬಂದ 30 ದಿನದೊಳಗೆ ನೋಟಿಸ್ ಹೋಗಬೇಕು. ತಲುಪಿದ ಮೇಲೆ ದುಡ್ಡು ಕೊಡಲು 15 ದಿನ. ಅದು ಮುಗಿದ ಮೇಲೆ ದೂರು ಹಾಕಲು ಒಂದು ತಿಂಗಳು. ಎಷ್ಟೋ ಕೇಸುಗಳ ಹಣೆಬರಹ ಈ ತಾರೀಖುಗಳಲ್ಲೇ ಇರುತ್ತದೆ.

ಆಮೇಲೆ ಕಾಯ್ದೆ. ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಆ್ಯಕ್ಟ್‌ನಲ್ಲಿ ಚೆಕ್ ಬೌನ್ಸ್ ಬಗ್ಗೆ ಹೇಳುವ 138ನೇ ಸೆಕ್ಷನ್‌ನಿಂದ ಕೊನೆಯವರೆಗೆ ಓದಿ. ಸರ್ಕಾರದ ಇಂಡಿಯಾ ಕೋಡ್ ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ತೀರ್ಪಿನ ಸರದಿ ಇದಾದ ಮೇಲೆ.

ಈ ಕ್ರಮ ಯಾಕೆ ಅಂತೀರಾ? ಕಕ್ಷಿದಾರರು ಚಿಕ್ಕಪೇಟೆ ವ್ಯಾಪಾರಿ, ಖಾತೆ ಇಲ್ಲೇ. ಚೆಕ್ ಕೊಟ್ಟವನ ಬ್ಯಾಂಕ್ ಹುಬ್ಬಳ್ಳಿಯಲ್ಲಿ ಅಂದುಕೊಳ್ಳಿ. ದೂರು ಎಲ್ಲಿ ಹಾಕಬೇಕು? ಹುಡುಕಿದರೆ ಸುಪ್ರೀಂ ಕೋರ್ಟಿನ 2014ರ ದಶರಥ್ ರೂಪ್‌ಸಿಂಗ್ ರಾಥೋಡ್ ತೀರ್ಪು ಸಿಗುತ್ತದೆ. ಮೂವರು ನ್ಯಾಯಮೂರ್ತಿಗಳ ಪೀಠ. ಅದರ ಪ್ರಕಾರ ಹುಬ್ಬಳ್ಳಿಗೇ ಹೋಗಬೇಕು. ಆದರೆ 2015ರಲ್ಲಿ ಸಂಸತ್ತು 142ನೇ ಸೆಕ್ಷನ್ ತಿದ್ದಿತು. ಚೆಕ್ ಪಡೆದವರು ಅದನ್ನು ತಮ್ಮ ಖಾತೆಗೆ ಜಮಾ ಮಾಡಲು ಹಾಕಿದ್ದರೆ, ಆ ಖಾತೆಯ ಬ್ರಾಂಚ್ ಇರುವ ಕಡೆಯ ಕೋರ್ಟಿನಲ್ಲೇ ದೂರು. ಅಂದರೆ ಬೆಂಗಳೂರಿನಲ್ಲೇ. ಕಾಯ್ದೆ ಓದದೆ ತೀರ್ಪು ಹಿಡಿದು ಹೋದರೆ ಸೀನಿಯರ್ ಏನನ್ನುತ್ತಾರೆ, ನಿಮಗೇ ಗೊತ್ತಲ್ವಾ! ಸಿಕ್ಕ ತೀರ್ಪು ಇವತ್ತಿಗೂ ನಡೆಯುತ್ತಾ ಅಂತ ನೋಡುವುದಕ್ಕೇ ನನಗೆ ಜಾಸ್ತಿ ಹೊತ್ತು ಹಿಡಿಯುತ್ತದೆ.

ಹೆಡ್‌ನೋಟ್ (ತೀರ್ಪಿನ ಮೇಲೆ ಹಾಕಿರುವ ಸಾರಾಂಶ) ಸುಮ್ನೆ ಇಳಿಸಿಕೊಳ್ಳಬೇಡಿ. ಅದು ತೀರ್ಪಿನ ಭಾಗವಲ್ಲ. ಒಳಗೆ ಹೋಗಿ ಪ್ಯಾರಾ ನಂಬರ್ ಗುರುತು ಹಾಕಿ. ಹುಡುಕಲು ಇಂಡಿಯನ್ ಕಾನೂನ್ ವೆಬ್‌ಸೈಟ್ ಸಾಕು. ಕೋರ್ಟಿಗೆ ಕೊಡುವ ಮುಂಚೆ ಸುಪ್ರೀಂ ಕೋರ್ಟಿನ ತೀರ್ಪಾದರೆ ಅದರದೇ ಆನ್‌ಲೈನ್ ವರದಿ ಇ-ಎಸ್‌ಸಿಆರ್‌ನಲ್ಲೋ, ನಮ್ಮ ಹೈಕೋರ್ಟಿನದಾದರೆ ಅದರ ತೀರ್ಪುಗಳ ವರದಿ ಐಎಲ್‌ಆರ್ ಕರ್ನಾಟಕದಲ್ಲೋ ತಾಳೆ ನೋಡಿ. ಚಾಟ್‌ಬಾಟ್ ಕೊಟ್ಟ ಸೈಟೇಶನ್ (ತೀರ್ಪಿನ ಹೆಸರು, ಉಲ್ಲೇಖ) ಅಂತೂ ತೀರ್ಪು ಕಣ್ಣಾರೆ ಕಾಣುವವರೆಗೆ ನಂಬಬೇಡಿ. ಇದೇ ಊರಿನ ಸಿವಿಲ್ ಕೋರ್ಟಿನ ಆದೇಶವೊಂದರಲ್ಲಿ ಇಲ್ಲದೇ ಇರುವ ತೀರ್ಪುಗಳು ಕಾಣಿಸಿಕೊಂಡು, 2025ರಲ್ಲಿ ಹೈಕೋರ್ಟ್ ಅದನ್ನು ಗಂಭೀರವಾಗಿ ತೆಗೆದುಕೊಂಡಿತು.

ಸೀನಿಯರ್ ಕೈಗೆ ಒಂದೇ ಪುಟ ಕೊಡಿ. ತಾರೀಖು, ಸೆಕ್ಷನ್, ಎರಡು ಮೂರು ತೀರ್ಪು. ನಮಗೆ ವಿರುದ್ಧವಾದದ್ದು ಸಿಕ್ಕಿದ್ದರೆ ಅದನ್ನೂ ಬರೆಯಿರಿ. ಎದುರು ವಕೀಲರು ಹೇಗೂ ಅದನ್ನು ತಂದೇ ತರುತ್ತಾರೆ.