18 ತುಂಬಿತು, ವಿಶೇಷ ಶಾಲೆ ಮುಗಿಯಿತು: ಮುಂದೇನು?

ಪ್ರಶ್ನೆ: ಮಗನಿಗೆ 17 ವರ್ಷ, ಬೌದ್ಧಿಕ ಅಸಮರ್ಥತೆ ಶೇ. 75. ಮುಂದಿನ ವರ್ಷ ವಿಶೇಷ ಶಾಲೆಯಿಂದ ಬಿಡಿಸಬೇಕು. ಹೆತ್ತವರು ನಾವೇ ಇರುವಾಗ ಪಾಲಕತ್ವದ ಪತ್ರ ಬೇರೆ ಬೇಕೆ?

ಉತ್ತರ: ಬೇಕಾಗಬಹುದು. 18 ತುಂಬಿದ ದಿನದಿಂದ ಅವನು ಕಾನೂನಿನ ಪ್ರಕಾರ ವಯಸ್ಕ. ತಂದೆತಾಯಿಯ ಸಹಜ ಪಾಲಕತ್ವ ಅಲ್ಲಿಗೆ ಮುಗಿಯುತ್ತದೆ. ಯಾರೂ ನೋಟಿಸು ಕಳಿಸಿ ಇದನ್ನು ತಿಳಿಸುವುದಿಲ್ಲ. ಹೆಚ್ಚಿನವರಿಗೆ ಗೊತ್ತಾಗುವುದು ಬ್ಯಾಂಕಿನಲ್ಲಿ, ಮಗನ ಖಾತೆಗೆ ತಮ್ಮ ಸಹಿ ನಡೆಯುವುದಿಲ್ಲ ಎಂದಾಗ.

ಮೊದಲು ಅಂಗವೈಕಲ್ಯ ಪ್ರಮಾಣಪತ್ರ ತೆಗೆದು ನೋಡಿ. ಚಿಕ್ಕಂದಿನಲ್ಲಿ ಕೊಟ್ಟದ್ದು ‘ತಾತ್ಕಾಲಿಕ’ ಎಂದಿದ್ದರೆ ಅದರ ಅವಧಿ ಮುಗಿಯುವ ಮೊದಲೇ ನವೀಕರಣಕ್ಕೆ ಹಾಕಿ. ಪಿಂಚಣಿ, ವಿಮೆ, ಪಾಲಕತ್ವ ಎಲ್ಲವೂ ನಿಂತಿರುವುದು ಆ ಒಂದು ಹಾಳೆಯ ಮೇಲೆ. ಆಧಾರ್‌ನಲ್ಲೂ ಪ್ರಮಾಣಪತ್ರದಲ್ಲೂ ಹೆಸರು, ಜನ್ಮದಿನಾಂಕ ಅಕ್ಷರಶಃ ಒಂದೇ ಇರಲಿ. ಅರ್ಜಿಗಳು ಸಿಕ್ಕಿಬೀಳುವುದು ಬಹುಪಾಲು ಇಲ್ಲೇ.

ಪಾಲಕತ್ವ ಕೊಡುವುದು 1999ರ ನ್ಯಾಷನಲ್ ಟ್ರಸ್ಟ್ (ಇಂಥ ಅಂಗವಿಕಲರಿಗಾಗಿ ಇರುವ ಕೇಂದ್ರ ಸರ್ಕಾರದ ಸಂಸ್ಥೆ) ಕಾಯ್ದೆಯಡಿ ಜಿಲ್ಲೆಯಲ್ಲಿರುವ ಸ್ಥಳೀಯ ಮಟ್ಟದ ಸಮಿತಿ. ಅದರಲ್ಲಿ ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬರು, ಅಂಗವಿಕಲರೊಬ್ಬರು ಇರುತ್ತಾರೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಮರ್ಥತೆ, ಬಹುವಿಧ ಅಂಗವೈಕಲ್ಯ ಈ ನಾಲ್ಕಕ್ಕೆ ಮಾತ್ರ ಈ ದಾರಿ. ಪಾಲಕರು ಬೇಕೇ, ಬೇಕಿದ್ದರೆ ಯಾವ ಕೆಲಸಗಳಿಗೆ ಎಂದು ಸಮಿತಿ ನೋಡಬೇಕು. ಆದ್ದರಿಂದ ‘ಎಲ್ಲಕ್ಕೂ’ ಎಂದು ಬರೆಯಬೇಡಿ. ಬ್ಯಾಂಕು, ಆಸ್ತಿ, ಚಿಕಿತ್ಸೆ ಎಂದು ಬಿಡಿಸಿ ಬರೆಯಿರಿ. ತನ್ನ ಹಣದ ವಿಚಾರ ಅರ್ಥ ಮಾಡಿಕೊಂಡು ಸಹಿ ಹಾಕಬಲ್ಲವನಾದರೆ ಪಾಲಕತ್ವವೇ ಬೇಡ ಎನ್ನುವುದು ನಮ್ಮ ಅಭಿಪ್ರಾಯ.

ಪತ್ರ ಕೈಗೆ ಬಂದ ಮೇಲೆ ಹಲವರು ಅದನ್ನು ಬೀರುವಿನಲ್ಲಿಟ್ಟು ಮರೆಯುತ್ತಾರೆ. ನೇಮಕವಾದ 6 ತಿಂಗಳೊಳಗೆ ಮಗನ ಆಸ್ತಿಪಾಸ್ತಿ, ಸಾಲಗಳ ಪಟ್ಟಿ ಸಲ್ಲಿಸಬೇಕು. ಆಮೇಲೆ ಪ್ರತಿ ಆರ್ಥಿಕ ವರ್ಷದ ಲೆಕ್ಕವನ್ನು 3 ತಿಂಗಳೊಳಗೆ, ಅಂದರೆ ಜೂನ್ ಮುಗಿಯುವಷ್ಟರಲ್ಲಿ ಒಪ್ಪಿಸಬೇಕು.

ಪ್ರಶ್ನೆ: ನಾನು ಕೇಂದ್ರ ಸರ್ಕಾರದ ನಿವೃತ್ತ ನೌಕರ. ನಮ್ಮಿಬ್ಬರ ಕಾಲಾನಂತರ ಬುದ್ಧಿಮಾಂದ್ಯ ಮಗಳಿಗೆ ಪಿಂಚಣಿ ಸಿಗುತ್ತದೆಯೇ?

ಉತ್ತರ: ದುಡಿದು ಬದುಕಲಾಗದಷ್ಟು ಅಸಮರ್ಥತೆ ಇದ್ದರೆ 25 ದಾಟಿದ ಮೇಲೂ ಜೀವನಪರ್ಯಂತ ಕುಟುಂಬ ಪಿಂಚಣಿ ಉಂಟು. ಅವಳ ಬೇರೆ ಆದಾಯ ನಿಮ್ಮ ಕೊನೆಯ ವೇತನದ ಶೇ. 30 ಮತ್ತು ಅದರ ಮೇಲಿನ ತುಟ್ಟಿಭತ್ಯೆಗಿಂತ ಕಡಿಮೆ ಇರಬೇಕು. ನೀವಿರುವಾಗಲೇ ಪಿಂಚಣಿ ಆದೇಶದಲ್ಲಿ ಅವಳ ಹೆಸರು ಸೇರಿಸಿ, ಅವಳ ಪರವಾಗಿ ಹಣ ಪಡೆಯುವವರು ಯಾರೆಂದು ತಿಳಿಸಿಬಿಡಿ.

ಪ್ರಶ್ನೆ: ಶಾಲೆ ಬಿಡುವಾಗ ಏನೇನು ಕೇಳಿ ಪಡೆಯಬೇಕು?

ಉತ್ತರ: ವರ್ಗಾವಣೆ ಪತ್ರ ಹೇಗೂ ಕೊಡುತ್ತಾರೆ. ಎರಡು ಪುಟದ ಕೌಶಲ ವರದಿ ಬರೆಸಿಕೊಳ್ಳಿ. ‘ಒಳ್ಳೆಯ ಹುಡುಗ, ಹೊಂದಿಕೊಳ್ಳುತ್ತಾನೆ’ ಎಂಬಂಥ ಮಾತು ಹಗಲು ಕೇಂದ್ರಕ್ಕಾಗಲಿ (ಶಾಲೆ ಮುಗಿಸಿದ ಇಂಥವರು ಹಗಲು ಹೊತ್ತು ಹೋಗಿಬರುವ ಜಾಗ) ಕೆಲಸ ಕೊಡುವವರಿಗಾಗಲಿ ಉಪಯೋಗವಿಲ್ಲ. ಒಂದೇ ಕೆಲಸದಲ್ಲಿ ಎಷ್ಟು ನಿಮಿಷ ಕೂರುತ್ತಾನೆ, ಹೇಳಿದರೆ ಸಾಕೋ ಮಾಡಿ ತೋರಿಸಬೇಕೋ ಕೈ ಹಿಡಿದೇ ಮಾಡಿಸಬೇಕೋ, ಶೌಚಕ್ಕೆ ತಾನೇ ಹೋಗುತ್ತಾನೆಯೇ, ಯಾವ ಸದ್ದಿಗೆ ಕೆರಳುತ್ತಾನೆ, ಆಗ ಏನು ಮಾಡಿದರೆ ತಣ್ಣಗಾಗುತ್ತಾನೆ, ಮೂರ್ಛೆ ರೋಗದ ಮಾತ್ರೆ ಎಷ್ಟು ಹೊತ್ತಿಗೆ ಎಂಬುದೆಲ್ಲ ಅದರಲ್ಲಿರಲಿ.

ಹಗಲು ಕೇಂದ್ರವನ್ನು ಶಾಲೆಯ ಕೊನೆಯ ವರ್ಷದಲ್ಲೇ ಹುಡುಕಿ. ವಾರಕ್ಕೆರಡು ಅರ್ಧ ದಿನ ಹೋಗಿಬರಲಿ. ಶಾಲೆ ಬಿಟ್ಟು ತಿಂಗಳುಗಟ್ಟಲೆ ಮನೆಯಲ್ಲೇ ಕೂತರೆ ಬೆಳಿಗ್ಗೆ ಎದ್ದು ಹೊರಡುವ ರೂಢಿ ತಪ್ಪುತ್ತದೆ, ಮತ್ತೆ ಹತ್ತಿಸುವುದು ಕಷ್ಟ. ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ಇದ್ದರೆ ಅದರ ನವೀಕರಣ ಇನ್ನು ಮೇಲೆ ನಿಮ್ಮದೇ ಕೆಲಸ. ಇಷ್ಟು ವರ್ಷ ಅದನ್ನು ಶಾಲೆಯವರು ನೋಡಿಕೊಳ್ಳುತ್ತಿದ್ದಿರಬಹುದು, ವಿಚಾರಿಸಿ.