ಟಿವಿ ಸುದ್ದಿಯ ಗುಣಮಟ್ಟ: ದೂರು ಯಾರಿಗೆ?

ಪ್ರಶ್ನೆ: ಭದ್ರಾ ನಾಲೆಯ ನೀರು ಕೊನೆಯ ಭಾಗದ ನಮಗೆ ಯಾವಾಗ ಬರುತ್ತದೆಂದು ತಿಳಿಯಲು ಸಂಜೆಯ ಸುದ್ದಿ ಹಾಕಿದರೆ, ಅಪಘಾತದ ಒಂದೇ ದೃಶ್ಯವನ್ನು ಸುತ್ತಿಸುತ್ತಾರೆ, ನಡುವೆ ಜಾಹೀರಾತುಗಳಿಗೆ ಕೊನೆಯೇ ಇಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ಗೆ ದೂರು ಕೊಡಬಹುದೇ?
– ಓದುಗರೊಬ್ಬರು, ಹರಿಹರ, ದಾವಣಗೆರೆ ಜಿಲ್ಲೆ

ಉತ್ತರ: ಟ್ರಾಯ್ ನೋಡಿಕೊಳ್ಳುವುದು ಮುಖ್ಯವಾಗಿ ದರ ಮತ್ತು ಸೇವೆಯ ಗುಣಮಟ್ಟವನ್ನು, ಕಾರ್ಯಕ್ರಮದ ಹೂರಣ ಅದರ ವ್ಯಾಪ್ತಿಗೆ ಬರುವುದಿಲ್ಲ. ಅದಕ್ಕೆ 1995ರ ಕೇಬಲ್ ಟೆಲಿವಿಷನ್ ಕಾಯ್ದೆಯಡಿಯ ಕಾರ್ಯಕ್ರಮ ಸಂಹಿತೆ, ಅಂದರೆ ಏನನ್ನು ಪ್ರಸಾರ ಮಾಡಬಾರದೆಂಬ ನಿಯಮಗಳು, ಇವೆ. 2021ರ ತಿದ್ದುಪಡಿಯ ಪ್ರಕಾರ ನೀವು ಮೊದಲು ವಾಹಿನಿಗೇ ಲಿಖಿತ ದೂರು ಕೊಡಬೇಕು. ಅದು 24 ಗಂಟೆಯೊಳಗೆ ಸ್ವೀಕೃತಿ ನೀಡಿ, 15 ದಿನಗಳಲ್ಲಿ ತೀರ್ಮಾನ ತಿಳಿಸಬೇಕು. ಒಪ್ಪಿಗೆಯಾಗದಿದ್ದರೆ ವಾಹಿನಿಗಳ ಸ್ವಯಂ ನಿಯಂತ್ರಣ ಸಂಸ್ಥೆಗೂ, ಅನಂತರ ಕೇಂದ್ರ ಸರ್ಕಾರದ ಮೇಲ್ವಿಚಾರಣಾ ವ್ಯವಸ್ಥೆಗೂ ಹೋಗಬಹುದು. ವಾಹಿನಿಯ ಹೆಸರು, ದಿನಾಂಕ, ಪ್ರಸಾರದ ವೇಳೆ, ಕಂಡ ದೃಶ್ಯ ಇಷ್ಟನ್ನೂ ಬರೆದಿಡಿ. ಬರಿಯ ಬೇಸರಕ್ಕೆ ಯಾರೂ ಉತ್ತರ ಕೊಡುವುದಿಲ್ಲ.

ಜಾಹೀರಾತಿಗೆ ನಿಯಮದ ಮಿತಿ ಗಂಟೆಗೆ 12 ನಿಮಿಷ, ಅದರಲ್ಲಿ 2 ನಿಮಿಷ ವಾಹಿನಿಯ ಸ್ವಂತ ಪ್ರಚಾರಕ್ಕೆ.

ಪ್ರಸಾರಕ್ಕೆ ಬಳಸುವ ವಾಯುತರಂಗಗಳು ಸಾರ್ವಜನಿಕ ಸ್ವತ್ತೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಸುದ್ದಿಯ ತಲೆಬರಹವನ್ನು ಸರ್ಕಾರ ನಿರ್ಧರಿಸುವುದನ್ನು ನಾನು ಖಂಡಿತ ಒಪ್ಪಲಾರೆ. ಆದರೆ ನಾಲೆಯ ನೀರಿನ ಸುದ್ದಿ ಕೇಳುವ ರೈತನ ಹಕ್ಕು ವಾಹಿನಿಯ ಸ್ವಾತಂತ್ರ್ಯಕ್ಕಿಂತ ಕಡಿಮೆಯದಲ್ಲ ಎಂದು ದೃಢವಾಗಿ ನಂಬಿದ್ದೇನೆ.